ಮೂರೂವರೆ ತಾಸಿಗೆ ಅಮೆರಿಕ

ಮಗಳು ಕಳಿಸಿದ ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು ಬಂದೆ. ಬೆಂಗಳೂರು ಬಿಡುವುದು ಶುಕ್ರವಾರ ಮಧ್ಯಾಹ್ನ 2.30ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟುವುದು ಅದೇ ಶುಕ್ರವಾರ ಸಂಜೆ 6ಕ್ಕೆ. ಪಕ್ಕದ ಮನೆಯವರು ನೋಡಿ, "ಅಲ್ರೀ ಮೇಷ್ಟ್ರೇ, ಬಳ್ಳಾರಿಯಿಂದ ಬೆಂಗಳೂರಿಗೇ ಒಂದು ರಾತ್ರಿ ಬೇಕು. ಇದು ಮೂರೂವರೆ ತಾಸಿಗೆ ಅಮೆರಿಕ ಮುಟ್ಟುತ್ತಾ?" ಅಂದರು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನು ನಾನು. ಸುಮ್ನೆ ಇರೋಕಾಗುತ್ತಾ? ಅಟ್ಟದ ಮೇಲಿದ್ದ ಗ್ಲೋಬ್ ಇಳಿಸಿ ಧೂಳು ಒರೆಸಿದೆ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದೆ. ಭೂಮಧ್ಯ ರೇಖೆಗೆ ಒಂದು ಸುತ್ತು ಸುತ್ತಿ ಅಳೆದರೆ 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ ಹೆಚ್ಚುಕಮ್ಮಿ 425 ಕಿ.ಮೀ.

ಮೊದಲು ತಪ್ಪು ಮಾಡಿದೆ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದ ಹಾಗೆ ವಿಯೆಟ್ನಾಂ, ಪೆಸಿಫಿಕ್ ಸಾಗರದ ಮೇಲೆ ದಾರ ಒತ್ತಿ ಹಿಡಿದೆ. 38 ಸೆಂ.ಮೀ. ಬಂತು. ನಡುವಿನ ಬೆರಳು ಬಿಟ್ಟು ಎರಡೂ ತುದಿ ಬಿಗಿಯಾಗಿ ಎಳೆದೆ ನೋಡಿ, ದಾರ ತಾನೇ ಮೇಲಕ್ಕೆ ಜಾರಿತು! ನೇಪಾಳ, ಟಿಬೆಟ್, ಸೈಬೀರಿಯಾ, ಆರ್ಕ್ಟಿಕ್ ಅಂಚು, ಅಲಾಸ್ಕಾ. ಈಗ 33 ಸೆಂ.ಮೀ. ಅಂದರೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬಂದಾಗ ಪತ್ರಿಕೆಗಳು ಬರೆದ ನೇರ ದೂರ 13,993 ಕಿ.ಮೀ. ದಾರಕ್ಕೆ ಇನ್ನೇನು ಬೇಕು!

ದೊಡ್ಡ ವಿಮಾನದ ವೇಗ ತಾಸಿಗೆ 900 ಕಿ.ಮೀ. ಆಸುಪಾಸು. ಭಾಗಿಸಿದರೆ ಹದಿನೈದೂವರೆ ತಾಸು. ಟಿಕೆಟ್‌ನಲ್ಲಿ ಮೂರೂವರೆ ಕಂಡದ್ದು ಯಾಕೆ? ಎರಡೂ ಕಡೆಯದು ಅಲ್ಲಲ್ಲಿನ ಗಡಿಯಾರ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಅದನ್ನು ಕೂಡಿಸಿದರೆ 16. ನವೆಂಬರಿನಲ್ಲಿ ಅವರು ಗಡಿಯಾರ ಒಂದು ತಾಸು ಹಿಂದೆ ತಿರುಗಿಸುತ್ತಾರೆ, ಆಗ ಹದಿಮೂರೂವರೆ ಕೂಡಿಸಬೇಕು.

ವಾಪಸ್ ಬರುವ ಟಿಕೆಟ್ ಇನ್ನೂ ಮಜವಾಗಿತ್ತು. ಶನಿವಾರ ರಾತ್ರಿ 9ಕ್ಕೆ ಹೊರಟರೆ ಸೋಮವಾರ ಬೆಳಗಿನ ಜಾವ 2.30ಕ್ಕೆ ಬೆಂಗಳೂರು. ಇಲ್ಲಿ ಹನ್ನೆರಡೂವರೆ ಕಳೆಯಬೇಕು, ಉಳಿದದ್ದು ಹದಿನೇಳು ತಾಸು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಹೋಗುವಾಗ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಭಾನುವಾರ ಮಾತ್ರ ಆಕಾಶದಲ್ಲೇ ಖರ್ಚು.

ಹೆಂಡತಿಗೆ ಇದ್ಯಾವುದೂ ಬೇಡ. "ಇಲ್ಲಿ ಬೀಗ ಹಾಕಿದ ಮೇಲೆ ಅವಳ ಮನೇಲಿ ಊಟಕ್ಕೆ ಕೂರೋದು ಎಷ್ಟೊತ್ತಿಗೆ ಹೇಳ್ರಿ" ಅಂದಳು. ಗುರುವಾರ ರಾತ್ರಿ 10ಕ್ಕೆ ಮನೆ ಬಿಟ್ಟು ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ದೇವನಹಳ್ಳಿಗೆ ಬಸ್ಸು, ಮೂರು ನಾಲ್ಕು ತಾಸು ಕಾಯುವುದು, ಹದಿನಾರು ತಾಸು ವಿಮಾನ, ಇಳಿದ ಮೇಲೆ ಸರದಿ ಸಾಲು. ಒಟ್ಟು 34 ತಾಸಿನ ಮೇಲೆ. ಅವಳು ಜೋಳದ ರೊಟ್ಟಿ ಎಣಿಸತೊಡಗಿದಳು.

ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಬರುತ್ತಿತ್ತು. ವಿಮಾನ ಟಿಬೆಟ್ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಒಳಗಿನ ಗಾಳಿಯ ಒತ್ತಡ ತಪ್ಪಿದರೆ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ದಾರಕ್ಕೇನು ಗೊತ್ತು ಪಾಪ! ಆಮೇಲೆ ಮಾತ್ರ ನನ್ನ ದಾರಿಗೇ ಬಂತು. ಕೊನೆಯ ರೊಟ್ಟಿ ಮುಗಿದದ್ದು ಅಲಾಸ್ಕಾದ ಮೇಲೆ.