ಮೇ ತಿಂಗಳ ಬೀದರದಲ್ಲಿ ಬಿಳಿ ಬಣ್ಣದ ಕಾಟ

ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆ ನಮ್ಮ ಬೀದರ. ಅವರ ಕೆಂಪು-ಬಿಳಿ ಹಾಕ್ ವಿಮಾನವನ್ನೇ 1/72 ಅಳತೆಯ ಪ್ಲಾಸ್ಟಿಕ್ ಮಾದರಿಯಾಗಿ ಮಾಡೋಣ ಅಂತ ಕೂತೆ. ಕೆಂಪಿನ ಅಡಿಗೂ ಬಿಳಿ ಬೇಕೇ ಬೇಕು. ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಕೆಂಪು ಮಂಕಾಗುತ್ತದೆ. ನನ್ನ ತಲೆನೋವು ಶುರುವಾಗಿದ್ದು ಆ ಬಿಳಿಯಿಂದಲೇ.

ಮೇ ತಿಂಗಳ ಮಧ್ಯಾಹ್ನ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ನಾಜಲ್ (ಬಣ್ಣ ಹೊರಬರುವ ಮೂತಿ) 0.3 ಮಿ.ಮೀ., ಒತ್ತಡ 25 ಪಿಎಸ್‌ಐ, ತಲೆ ಮೇಲೆ ಫ್ಯಾನ್ ಗಿರಗಿರ. ಅಕ್ರಿಲಿಕ್ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೆಳು ಮಾಡಿದ್ದೆ. ಎರಡು ನಿಮಿಷ ಚೆನ್ನಾಗಿ ಬಂತು, ಆಮೇಲೆ ನಿಂತೇಹೋಯಿತು. ಲಿವರ್ ಇನ್ನಷ್ಟು ಎಳೆದೆ. ಚಟ್ ಅಂತ ದೊಡ್ಡ ಹನಿಯೊಂದು ರೆಕ್ಕೆ ಮೇಲೆ ಬಿತ್ತು. ಉಳಿದ ಕಡೆ ಬೆರಳಾಡಿಸಿದರೆ ಸ್ಯಾಂಡ್‌ಪೇಪರ್. ಮಗಳು ನೋಡಿ, "ಅಪ್ಪಾ, ಜ್ವಾಳದ ಹಿಟ್ಟು ಬಡದಂಗ ಆಗ್ಯಾದ" ಅಂದಳು. ಆಗಿದ್ದೂ ಹಾಗೇ.

ಮೂರು ಸಲ ಬಿಚ್ಚಿ ತೊಳೆದೆ. ತೊಳೆದ ಕೂಡಲೇ ಸರಿ, ಎರಡು ನಿಮಿಷಕ್ಕೆ ಮತ್ತೆ ಅದೇ ಕಥೆ. ನಾಲ್ಕನೇ ಸಲ ತೊಳೆಯುವ ಮೊದಲು ನಾಜಲ್ ಒಳಗಿನ ಸೂಜಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಪುಟ್ಟ ಬಿಳಿ ಗಡ್ಡ! ಗಾಳಿ ಹಾಯುವ ಆ ತುದಿಯಲ್ಲೇ ಬಣ್ಣ ಒಣಗಿ ದಾರಿ ಮುಚ್ಚುತ್ತಿತ್ತು. ಜಾಸ್ತಿ ಎಳೆದಾಗ ಆ ಉಂಡೆ ಕಿತ್ತುಬಂದು ಸಿಡಿಯುತ್ತಿತ್ತು. ಹಿಟ್ಟಿನಂತಾದದ್ದೂ ಸೆಕೆಯಿಂದಲೇ: ಹನಿಗಳು ಪ್ಲಾಸ್ಟಿಕ್ ಮುಟ್ಟುವ ಮೊದಲೇ ಅರ್ಧ ಒಣಗುತ್ತಿದ್ದವು. ಆಲ್ಕೊಹಾಲ್ ಬೇರೆ ಬೇಗ ಆರುತ್ತದೆ, ಮೇಲೆ ಫ್ಯಾನ್. ಸುಮ್ನೆ ಬ್ರಷ್‌ಗೆ ಬೈದಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೇ ಕೂತೆ. ಫ್ಯಾನ್ ಬಂದ್. ಈ ಸಲ ಆ ಬಣ್ಣದ್ದೇ ಥಿನ್ನರ್, ಜೊತೆಗೆ ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಎರಡು ಹನಿ. ಎಷ್ಟು ತೆಳು ಅಂದರೆ, ಕಪ್‌ನ ಗೋಡೆಗೆ ಹಚ್ಚಿದಾಗ ಹಾಲಿನ ಹಾಗೆ ಇಳಿದು ಹಿಂದೆ ಪರೆ ಬಿಡಬೇಕು. ನೀರಾದರೂ ಕಷ್ಟ, ಜೇಡನ ಕಾಲಿನಂತೆ ನಾಲ್ಕೂ ಕಡೆ ಓಡುತ್ತದೆ. ಒತ್ತಡ 15ಕ್ಕೆ ಇಳಿಸಿದೆ. 15 ಸೆಂ.ಮೀ. ದೂರದಿಂದ ಹೊಡೆಯುತ್ತಿದ್ದವನು 7ಕ್ಕೆ ಬಂದೆ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಐದು ನಿಮಿಷಕ್ಕೊಮ್ಮೆ ಥಿನ್ನರ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಸೂಜಿ ತುದಿ ಒರೆಸಿದೆ. ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ಕಪ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಅದು ಬೇರೆ ರೋಗ. ನನ್ನದರಲ್ಲಿ ಒಮ್ಮೆ ನಾಜಲ್ ಸಡಿಲವಾಗಿ ಗಾಳಿ ಹಿಂದಕ್ಕೆ ನುಗ್ಗುತ್ತಿತ್ತು. ಪಾನಾ ಹಾಕಿ ಪೈಲ್ವಾನನ ಹಾಗೆ ತಿರುಗಿಸಿದೆ, ನಾಜಲ್ ಸೀಳಿತು. ಹಗುರ ಕೈ ಸಾಕು.

ಹಾಳಾದ ರೆಕ್ಕೆಯನ್ನು 2000 ನಂಬರ್ ಪೇಪರ್‌ನಿಂದ ನೀರು ಹಚ್ಚಿ ಉಜ್ಜಿದೆ. ಅಂಚಲ್ಲಿ ಪ್ಲಾಸ್ಟಿಕ್ ಇಣುಕಿತು, ಮತ್ತೆ ಮೂರು ತೆಳು ಪದರ ಬಿಳಿ. ಎರಡು ದಿನ ಬಿಟ್ಟು ಹೊಡೆದ ಕೆಂಪು ಎರಡೇ ಪದರಕ್ಕೆ ಕೂತಿತು. ಅಷ್ಟರಲ್ಲಿ ಒಂಬತ್ತಾಗಿ ಬಿಸಿಲು ಏರಿತ್ತು. ಬಾಲದ ಬಿಳಿ ಪಟ್ಟಿ ಉಳಿದಿದೆ. ಅದು ನಾಳೆ ಬೆಳಿಗ್ಗೆಗೆ.