ನಗಿಸುವ ರ‍್ಯಾಪ್‌ಗೆ ಮಂದಾನಿಲ ರಗಳೆ: ನನ್ನ ಅನುಭವ

ಹಿಪ್‌ಹಾಪ್ ಬೀಟಿನ ಮೇಲೆ ರಗಳೆ ಕೂರಿಸುತ್ತೇನೆ ಅಂದಾಗ ಎಲ್ಲರದ್ದೂ ಒಂದೇ ಮಾತು: ಅದು ಶಾಲೆಯ ಪದ್ಯವಾಚನ ಆಗುತ್ತೆ, ಯಾರೂ ನಗಲ್ಲ. ಈಗ ಅವರಲ್ಲೇ ಕೆಲವರು ಸೆಷನ್ ಫೈಲ್ (ಹಾಡು ಕಟ್ಟಿದ ಕಂಪ್ಯೂಟರ್ ಪ್ರಾಜೆಕ್ಟ್) ಕೇಳುತ್ತಿದ್ದಾರೆ. ಫೈಲ್ ಕೊಡುವುದಿಲ್ಲ, ಲೆಕ್ಕ ಕೊಡುತ್ತೇನೆ. ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಎಣಿಸಲು ಬರುವವರಿಗೆ, ಸ್ಟೆಮ್ ಅಂದರೆ ಒಂದೊಂದು ವಾದ್ಯದ ಬೇರೆ ಬೇರೆ ಫೈಲ್ ಅಂತ ಗೊತ್ತಿರುವವರಿಗೆ ಇಷ್ಟು ಸಾಕು.

ರ‍್ಯಾಪರ್‌ಗಳನ್ನೂ ಪ್ರೊಡ್ಯೂಸರ್‌ಗಳನ್ನೂ ಕಿಚಾಯಿಸುವ ಹಾಡುಗಳಲ್ಲಿ ಜೋಕ್ ಬಹುತೇಕ ಜಾಗ ತಪ್ಪಿ ಸಾಯುತ್ತದೆ. ಮಾತು ಚೆನ್ನಾಗಿರುತ್ತದೆ, ಆದರೆ ಕೊನೆಯ ಪದ ಸ್ನೇರ್ ಡ್ರಮ್ಮಿನ ಹೊಡೆತದ ಅಡಿಗೆ ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಕೇಳುಗ ಅರ್ಥ ಹಿಡಿಯುವಷ್ಟರಲ್ಲಿ ಮುಂದಿನ ಸಾಲು ಬಂದು ಮುಗಿದಿರುತ್ತದೆ.

ಒಂದು ಬಾರ್‌ಗೆ, ಅಂದರೆ ನಾಲ್ಕು ಬೀಟಿನ ಒಂದು ಆವರ್ತಕ್ಕೆ, ಹದಿನಾರು ಸಿಕ್ಸ್‌ಟೀನ್ತ್ (ಬೀಟಿನ ಕಾಲುಭಾಗ). ಮಂದಾನಿಲ ರಗಳೆಯ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಅಂದರೆ ಹದಿನಾರು ಮಾತ್ರೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ನಾನು ಇಟ್ಟುಕೊಂಡಿರುವ ವೇಗ 88 ಬಿಪಿಎಂ (ನಿಮಿಷಕ್ಕೆ 88 ಬೀಟ್). ಒಂದು ಮಾತ್ರೆಗೆ ಸುಮಾರು 170 ಮಿಲಿಸೆಕೆಂಡ್, ಒಂದು ಗಣಕ್ಕೆ 680. 96ಕ್ಕೆ ಏರಿಸಿದರೆ ಒತ್ತಕ್ಷರಗಳು ನಾಲಿಗೆಗೆ ಸಿಕ್ಕುವುದಿಲ್ಲ. 76ಕ್ಕೆ ಇಳಿಸಿದರೆ ನಿಜವಾಗಿಯೂ ಪದ್ಯವಾಚನವೇ ಆಗುತ್ತದೆ, ಆ ಮಟ್ಟಿಗೆ ಅನುಮಾನಪಟ್ಟವರ ಮಾತು ಸರಿ.

ಕೆಲಸ ಮಾಡಿದ ಮೊದಲ ಪದ್ಯ ಇದು:

ಕತ್ತಿನ ತುಂಬಾ ಚಿನ್ನದ ಸರಪಳಿ
ಹತ್ತೂ ಬೆರಳಿಗೆ ಹೊಳೆಯುವ ಉಂಗುರ
ಸುತ್ತಲು ಕುಣಿಯುವ ಗೆಳೆಯರ ಗದ್ದಲ
ಹೊತ್ತಾಯ್ತ್, ಬಿಚ್ಚೋ! ಬಾಡಿಗೆ

ಎಣಿಸಿ ನೋಡಿ. ಮೊದಲ ಮೂರು ಸಾಲಿಗೆ ಹದಿನಾರು ಹದಿನಾರು, ಕೊನೆಯದಕ್ಕೆ ಹನ್ನೆರಡೇ. ‘ಬಾಡಿಗೆ’ ಮೂರನೇ ಬೀಟಿನ ಮೇಲೆ ಬೀಳುತ್ತದೆ, ನಾಲ್ಕನೇ ಗಣ ಖಾಲಿ. ಆ ಗಣದಲ್ಲಿ ಸ್ನೇರ್ ಇಲ್ಲ, ಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಸದ್ದು) ಇಲ್ಲ, ಬೇಸ್ ಇಲ್ಲ. ಮೂರು ಬಾರ್ ಉದ್ದಕ್ಕೂ ಎರಡನೇ ಮತ್ತು ನಾಲ್ಕನೇ ಬೀಟಿಗೆ ಸ್ನೇರ್ ಕೇಳಿ ಒಗ್ಗಿದ ಕಿವಿ ಅಲ್ಲಿ ಹೊಡೆತಕ್ಕೆ ಕಾಯುತ್ತದೆ. ಹೊಡೆತ ಬರುವುದಿಲ್ಲ, ಆ ಜಾಗದಲ್ಲಿ ನಗು ಬರುತ್ತದೆ.

ಪ್ರಾಸದ ಬಗ್ಗೆ ಜಗಳವೇ ಆಯಿತು. ರಗಳೆಗೆ ಆದಿಪ್ರಾಸ (ಸಾಲಿನ ಎರಡನೇ ಅಕ್ಷರದ ಪ್ರಾಸ), ಅಂತ್ಯಪ್ರಾಸ ಎರಡೂ ಬೇಕು. ರ‍್ಯಾಪ್‌ನವರಿಗೆ ಅಂತ್ಯಪ್ರಾಸವೇ ಪ್ರಾಣ. ನಾನು ಅದನ್ನು ಬೇಕೆಂದೇ ಕಿತ್ತೆ. ಸಾಲಿನ ಕೊನೆಯಲ್ಲಿ ಪ್ರಾಸವಿದ್ದರೆ ನಾಲ್ಕನೇ ಸಾಲಿನ ಪದವನ್ನು ಕೇಳುಗ ಮೊದಲೇ ಊಹಿಸುತ್ತಾನೆ. ಊಹಿಸಿದ ಜೋಕಿಗೆ ಯಾರು ನಗುತ್ತಾರೆ? ಎರಡನೇ ಅಕ್ಷರದ ಪ್ರಾಸ ಸಾಲುಗಳನ್ನು ಕಟ್ಟಿ ಹಿಡಿಯುತ್ತದೆ, ಆದರೆ ಕೊನೆಯ ಪದದ ಗುಟ್ಟು ಬಿಡುವುದಿಲ್ಲ. ಅದರಲ್ಲೂ ಹಯಪ್ರಾಸವೇ ಬೇಕು, ಅಂದರೆ ತ್ತ, ಟ್ಟ, ಚ್ಚದಂಥ ದ್ವಿತ್ವ. ಮೊದಲ ಅಕ್ಷರ ಗುರುವಾಗಿ ಎರಡು ಮಾತ್ರೆ ನುಂಗುತ್ತದೆ, ಒತ್ತು ಬಿಡುಗಡೆಯಾಗುವುದು ನಾಲ್ಕೂ ಸಾಲಿನಲ್ಲಿ ಮೂರನೇ ಮಾತ್ರೆಗೇ. ಅಲ್ಲೊಂದು ಹ್ಯಾಟ್ ಇಟ್ಟರೆ ಬಾಯಿಯೂ ಡ್ರಮ್ಮೂ ಒಂದೇ ಆಗಿ ಕೇಳುತ್ತವೆ. ಅನುಸ್ವಾರದ ವೃಷಭಪ್ರಾಸವನ್ನೂ ಹಾಕಿ ನೋಡಿದ್ದೇನೆ. ಮೂಗಿನ ಸದ್ದು ಬೇಸಿನೊಳಗೆ ಕರಗಿಹೋಗುತ್ತದೆ.

ಇಂಗ್ಲಿಷ್ ಪದಗಳು ತೊಂದರೆ ಕೊಡುತ್ತವೆ. ‘ಆಟೋಟ್ಯೂನ್’ ಆರು ಮಾತ್ರೆ, ‘ಪ್ರೊಡ್ಯೂಸರ್’ ಕೂಡ ಆರೇ. ಗಣಕ್ಕೆ ಹೊಂದುವುದಿಲ್ಲ, ಮುಂದಿನ ಪದವನ್ನು ಬೀಟಿನಿಂದ ಆಚೆ ತಳ್ಳುತ್ತವೆ. ವಿಭಕ್ತಿ ಸೇರಿಸಿದರೆ ದಾರಿಗೆ ಬರುತ್ತವೆ: ಆಟೋ-ಟ್ಯೂನಲಿ, ಪ್ರೊಡ್ಯೂ-ಸರಿಗೂ. ಎರಡೂ ಎಂಟೆಂಟು ಮಾತ್ರೆ, ಎರಡೆರಡು ಗಣ. ಕನ್ನಡದ ಪ್ರತ್ಯಯಕ್ಕೆ ಇಂಥ ಉಪಯೋಗ ಇದೆ ಅಂತ ಗೊತ್ತಾದ ಮೇಲೆ ನನ್ನ ಬರವಣಿಗೆಯ ವೇಗ ಎರಡು ಪಟ್ಟಾಗಿದೆ.

ಇನ್ನು ದುಡ್ಡು. ಇಂಟರ್ನೆಟ್ಟಿನಲ್ಲಿ ಲೀಸ್‌ಗೆ ಸಿಗುವ ಅಗ್ಗದ ಎಂಪಿ3 ಬೀಟ್ ಈ ಕೆಲಸಕ್ಕೆ ಪೂರ್ತಿ ದಂಡ. ಎಲ್ಲ ವಾದ್ಯ ಒಂದೇ ಫೈಲಿನಲ್ಲಿರುತ್ತದೆ, ಸ್ನೇರ್ ಒಂದನ್ನೇ ತೆಗೆಯಲು ಆಗುವುದಿಲ್ಲ. ಎಐ ಬಳಸಿ ಬೇರ್ಪಡಿಸಿದರೆ ಖಾಲಿ ಗಣದಲ್ಲಿ ನೀರೊಳಗಿಂದ ಬಂದಂಥ ಗುಳುಗುಳು ಸದ್ದು ಉಳಿಯುತ್ತದೆ, ನಿಶ್ಶಬ್ದ ಹಾಳು. ಸ್ಟೆಮ್ ಕೊಡುವ ಲೀಸ್‌ಗೆ ಮೂರು-ನಾಲ್ಕು ಪಟ್ಟು ಹೆಚ್ಚು, ಅದಕ್ಕೂ ಸ್ಟ್ರೀಮ್ ಎಣಿಕೆಯ ಮಿತಿ. ಹೆಸರಾಂತ ಬೀಟಿನ ಮೇಲೇ ಅಣಕ ಮಾಡುವ ಆಸೆಗೂ ಕೈ ಸುಟ್ಟಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ 2 ಲೈವ್ ಕ್ರೂ ಎಂಬ ರ‍್ಯಾಪ್ ತಂಡದ ಪ್ರಕರಣದಲ್ಲಿ, ದುಡ್ಡು ಮಾಡುವ ಅಣಕವೂ ನ್ಯಾಯಯುತ ಬಳಕೆ ಆಗಬಹುದು ಅಂದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆಗೆ ವಿನಾಯಿತಿ ಇದೆ. ಆದರೆ ವಿಡಿಯೋದಲ್ಲಿ ಸದ್ದನ್ನು ಹೋಲಿಸಿ ಹಿಡಿಯುವ ಸಾಫ್ಟ್‌ವೇರ್ ಕೋರ್ಟಿನ ತೀರ್ಪು ಓದುವುದಿಲ್ಲ. ಬೀಟಿನ ಹಕ್ಕುದಾರರ ಕ್ಲೇಮ್ ಬಿದ್ದರೆ ಜಾಹೀರಾತಿನ ಹಣ ಆಚೆ ಹೋಯಿತು. ಕೊನೆಗೆ ಉಳಿದ ದಾರಿ ಬೀಟ್ ತಾನೇ ಮಾಡಿಕೊಳ್ಳುವುದು. ಕಿಕ್, ಸ್ನೇರ್, ಹ್ಯಾಟ್, 808 ಬೇಸ್ (ಡ್ರಮ್ ಮಷಿನ್ನಿನ ಆಳದ ಸದ್ದು), ಒಂದು ಪಿಯಾನೋ ತುಣುಕು. ಐದೇ ಟ್ರ್ಯಾಕ್.

ಖಾಲಿ ಗಣವನ್ನು ನಿಜವಾಗಿ ಖಾಲಿ ಮಾಡುವುದೇ ಅತಿ ಹೆಚ್ಚು ಸಮಯ ತಿಂದ ಭಾಗ. ಸ್ನೇರ್ ಮ್ಯೂಟ್ ಮಾಡಿದರೂ ಹಿಂದಿನದರ ರಿವರ್ಬ್ (ಅನುರಣನ) ಬಾಲ ಎಳೆಯುತ್ತಿರುತ್ತದೆ, ಆದ್ದರಿಂದ ರಿವರ್ಬ್ ಬರುವ ಚಾನೆಲ್ಲೂ ಅಲ್ಲಿ ತಾನೇ ಮುಚ್ಚುವಂತೆ ಆಟೊಮೇಟ್ ಮಾಡಬೇಕು. 808 ಅನ್ನು ಥಟ್ಟನೆ ಕತ್ತರಿಸಿದರೆ ಟಕ್ ಅನ್ನುತ್ತದೆ. 50 ಹರ್ಟ್ಸ್‌ನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು, ಹಾಗಾಗಿ ಫೇಡ್ ಕನಿಷ್ಠ ಅಷ್ಟಿರಲಿ. ಹ್ಯಾಟ್‌ಗೆ 5 ಸಾಕು. ಮಾಸ್ಟರ್‌ನಲ್ಲಿ (ಇಡೀ ಹಾಡಿನ ಮೇಲೆ) ಜೋರು ಸದ್ದನ್ನು ಅದುಮುವ ಕಂಪ್ರೆಸರ್ ಇದ್ದರೆ ಬೀಟ್ ನಿಂತ ಕೂಡಲೇ ಅದು ಕೈಬಿಡುತ್ತದೆ, ಮೈಕಿನ ಉಸಿರು ಉಬ್ಬಿ ಮೇಲೆ ಬರುತ್ತದೆ. ಕಂಪ್ರೆಸರ್ ಬೀಟಿನ ಬಸ್ (ವಾದ್ಯಗಳನ್ನು ಒಟ್ಟು ಸೇರಿಸುವ ಚಾನೆಲ್) ಮೇಲಷ್ಟೇ ಇರಬೇಕು. ಸ್ವಿಂಗ್, ಅಂದರೆ ಜೋಡಿ ಸಿಕ್ಸ್‌ಟೀನ್ತ್‌ಗಳಲ್ಲಿ ಮೊದಲನೆಯದಕ್ಕೆ ಸಿಗುವ ಪಾಲು, 54 ಪ್ರತಿಶತ ದಾಟಬಾರದು. 66ಕ್ಕೆ ಹೋದರೆ ಎರಡು ಲಘುಗಳ ಜೋಡಿ 225, 116 ಮಿಲಿಸೆಕೆಂಡ್ ಆಗಿ ಒಡೆಯುತ್ತದೆ, ಮೊದಲ ಲಘು ಗುರುವಿನಂತೆ ಕೇಳುತ್ತದೆ, ಛಂದಸ್ಸು ಅಲ್ಲಿಗೆ ಮುಗಿಯಿತು. ‘ಬಾಡಿಗೆ’ಯನ್ನು ಗ್ರಿಡ್‌ಗಿಂತ ಎಷ್ಟು ತಡವಾಗಿ ಇಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ತಡವಾಗಿ ಇಡುತ್ತೇನೆ ಅನ್ನುವುದಷ್ಟು ಸಾಕು.

ದನಿಯ ಶ್ರುತಿ ತಿದ್ದುವ ಆಟೋಟ್ಯೂನನ್ನು ಅಣಕಿಸುವ ಪ್ರಯೋಗವೂ ನಡೆಯಿತು. 1997ರಲ್ಲಿ ಅದನ್ನು ಹೊರತಂದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಹುಡುಕಲು ಭೂಕಂಪನದ ಅಲೆಗಳ ಲೆಕ್ಕ ಹಾಕುತ್ತಿದ್ದವರು. ಇಡೀ ಸಾಲಿಗೆ ರಿಟ್ಯೂನ್ ಸ್ಪೀಡ್ ಸೊನ್ನೆ (ಶ್ರುತಿ ತಕ್ಷಣ ತಿದ್ದುವ ಹಾಗೆ) ಇಟ್ಟರೆ ಎರಡನೇ ಬಾರ್ ಹೊತ್ತಿಗೆ ಕಿವಿ ಒಗ್ಗಿ ನಗು ಹೋಗುತ್ತದೆ. ಒಂದೇ ಪದಕ್ಕೆ ಇಡಬೇಕು, ಆ ಪದದಲ್ಲಿ ದೀರ್ಘ ಸ್ವರ ಇರಲೇಬೇಕು. ಲಘುವಿನ 170 ಮಿಲಿಸೆಕೆಂಡಿನಲ್ಲಿ ಸ್ವರ ಮೆಟ್ಟಿಲು ಹತ್ತುವುದು ಕೇಳುವುದೇ ಇಲ್ಲ. ‘ರಾಜಾ’ದಂಥ ಪದವನ್ನು ಎರಡು ಸೆಮಿಟೋನ್ ಜಾರಿಸಿ ಹಾಡಿದರೆ ಗಂಟಲು ಮುರಿದದ್ದು ಸ್ಪಷ್ಟ.

ಟ್ರ್ಯಾಪ್ ಎಂಬ ರ‍್ಯಾಪ್ ಶೈಲಿಯನ್ನು ಕಿಚಾಯಿಸಲು ಮಾತ್ರ ಗಣ ಬದಲಿಸಿ. ಅಮೆರಿಕದ ಮೀಗೋಸ್ ತಂಡ 2013ರಲ್ಲಿ ಜನಪ್ರಿಯ ಮಾಡಿದ ಟ್ರಿಪ್ಲೆಟ್ ಓಟ (ಬೀಟನ್ನು ಮೂರಾಗಿ ಒಡೆಯುವುದು) ಮೆಂಫಿಸ್‌ನ ರ‍್ಯಾಪರ್ ಲಾರ್ಡ್ ಇನ್‌ಫೇಮಸ್ 90ರ ದಶಕದಲ್ಲೇ ಬಳಸಿದ್ದು. ನಮ್ಮಲ್ಲಿ ಅದಕ್ಕೆ ಮೂರು ಮಾತ್ರೆಯ ಉತ್ಸಾಹ ರಗಳೆಯ ಗಣ ಸಿದ್ಧವಾಗಿದೆ. 140 ಬಿಪಿಎಂ, ಬೀಟಿಗೆ ಮೂರು ಮಾತ್ರೆ:

ನಾನೆ ರಾಜ, ನಾನೆ ರಾಜ
ಅಮ್ಮ ಕರ್ದ್ರು, ಬಂದೆ ತಾಳಿ

ಮೊದಲ ಸಾಲನ್ನು ಮೂರು ಬಾರ್ ತಿರುಗಿಸಿ, ನಾಲ್ಕನೆಯದರಲ್ಲಿ ಎರಡನೇ ಸಾಲು. ಇಲ್ಲಿ ಖಾಲಿ ಗಣ ಬೇಡ, ಓಡುತ್ತಲೇ ಹೇಳಿದರೆ ನಗು ಜಾಸ್ತಿ. ‘ಬಂದೆ ತಾಳಿ’ಯನ್ನು ಆಡ್‌ಲಿಬ್ (ನಡುನಡುವೆ ಕೂಗುವ ಮಾತಿನ) ಟ್ರ್ಯಾಕಿಗೆ ಸರಿಸಿ, 300ರಿಂದ 3400 ಹರ್ಟ್ಸ್ ನಡುವೆ ಮಾತ್ರ ಉಳಿಸಿ, ಎಡಕ್ಕೆ ಅರ್ಧ ಪ್ಯಾನ್ ಮಾಡಿ, ಮುಖ್ಯ ದನಿಗಿಂತ 8 ಡೆಸಿಬಲ್ ಕೆಳಗಿಡಿ. ಫೋನಿನಲ್ಲಿ ಉತ್ತರ ಕೊಟ್ಟ ಹಾಗಿರುತ್ತದೆ.

ಭಾಮಿನಿ ಷಟ್ಪದಿಯನ್ನೂ ಬಿಟ್ಟಿಲ್ಲ. ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು ಹದಿನಾಲ್ಕು ಮಾತ್ರೆ. ಬಾರ್‌ನಲ್ಲಿ ಎರಡು ಮಿಗುತ್ತದೆ, ಅದು ಉಸಿರಿಗೆ. ಗಣಗಳು ಶುರುವಾಗುವುದು 1, 4, 8, 11ನೇ ಸಿಕ್ಸ್‌ಟೀನ್ತ್‌ಗೆ, ಸ್ನೇರ್ ಬೀಳುವುದು 5 ಮತ್ತು 13ಕ್ಕೆ. ಎಲ್ಲೂ ಡಿಕ್ಕಿ ಇಲ್ಲ, ಕಿಕ್ಕನ್ನು ಗಣದ ಜೊತೆ ಇಟ್ಟರೆ ತಲೆ ತಾನಾಗಿ ಅಲ್ಲಾಡುತ್ತದೆ. ಆದರೆ ಮೂರನೇ ಸಾಲು ಇಪ್ಪತ್ಮೂರು ಮಾತ್ರೆ, ಎರಡು ಬಾರ್ ಬೇಕು, ಒಂಬತ್ತು ಮಾತ್ರೆ ಸುಮ್ಮನೆ ಉಳಿಯುತ್ತದೆ. ಸದ್ಯ ಅಲ್ಲಿ ಪ್ರೊಡ್ಯೂಸರ್ ಟ್ಯಾಗ್ ತುರುಕಿದ್ದೇನೆ, ಹಾಡುಗಾರನ ಮಾತಿನ ನಡುವೆ ಪ್ರೊಡ್ಯೂಸರ್ ತನ್ನ ಹೆಸರು ಕೂಗಿದಂತೆ. ರೆಕಾರ್ಡಿಂಗಿನಲ್ಲಿ ಅದು ಚೆನ್ನಾಗಿ ಕೂತಿದೆ. ವೇದಿಕೆಯಲ್ಲಿ ನಗು ಒಂಬತ್ತು ಮಾತ್ರೆಗಿಂತ ಉದ್ದ ಹೋಗುವುದರಿಂದ ಅಲ್ಲಿ ಎರಡು ಬಾರ್ ಡ್ರಮ್ ಲೂಪ್ ಪ್ಯಾಡ್ ಮೇಲೆ ಇಟ್ಟುಕೊಂಡು, ಸಭೆ ತಣ್ಣಗಾದ ಮೇಲೇ ನಾಲ್ಕನೇ ಸಾಲು ಎತ್ತುತ್ತೇನೆ.