ಮೂಗು ಕಟ್ಟಿದೆಯಾ? ಉಪ್ಪುನೀರಿನ ಸ್ಪ್ರೇ ಹೀಗೆ ಬಳಸಿ

ಮಳೆಗಾಲ ಶುರುವಾದರೆ ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆಯಲ್ಲಿ ಒಬ್ಬರಿಗಾದರೂ ಶೀತ ಇದ್ದೇ ಇರುತ್ತದೆ. ಮೂಗು ಕಟ್ಟಿದರೆ ರಾತ್ರಿ ನಿದ್ದೆಯೂ ಇಲ್ಲ. ಆಗ ಮದ್ದಿನ ಅಂಗಡಿಗೆ ಹೋಗಿ ಸುಮ್ನೆ 'ಮೂಗಿನ ಸ್ಪ್ರೇ ಕೊಡಿ' ಎನ್ನಬೇಡಿ. ಸಲೈನ್ ಸ್ಪ್ರೇ ಎಂದೇ ಕೇಳಿ.

ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.65% ಅಥವಾ 0.9% ಎಂದಿದ್ದರೆ ಅದು ಬರೀ ಉಪ್ಪುನೀರು. ಆಕ್ಸಿಮೆಟಾಜೊಲಿನ್, ಜೈಲೊಮೆಟಾಜೊಲಿನ್ ಎಂಬ ಹೆಸರಿದ್ದರೆ ಅದು ಬೇರೆಯೇ ಮದ್ದು. ಊದಿದ ರಕ್ತನಾಳಗಳನ್ನು ಕುಗ್ಗಿಸಿ ಕೂಡಲೇ ಮೂಗು ಬಿಡಿಸುತ್ತದೆ, ನಿಜ. ಆದರೆ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿಕೊಳ್ಳುತ್ತದೆ. ಅದು ಹೋಗಲೆಂದು ಮತ್ತೆ ಅದನ್ನೇ ಬಿಡುವುದು, ಮತ್ತೆ ಕಟ್ಟುವುದು. ಹೀಗೆ ತಿಂಗಳುಗಟ್ಟಲೆ ಸಿಕ್ಕಿಬಿದ್ದವರಿದ್ದಾರೆ. ಉಪ್ಪುನೀರಿಗೆ ಈ ತೊಂದರೆ ಇಲ್ಲ. ಅದು ಗಟ್ಟಿಯಾದ ಸಿಂಬಳವನ್ನು ತೆಳು ಮಾಡುತ್ತದೆ, ಧೂಳು ತೊಳೆಯುತ್ತದೆ, ಒಣಗಿದ ಮೂಗಿಗೆ ಪಸೆ ಕೊಡುತ್ತದೆ. ಶೀತವನ್ನೇ ವಾಸಿ ಮಾಡುವುದಿಲ್ಲ, ಉಸಿರಾಟ ಸಲೀಸು ಮಾಡುತ್ತದೆ, ಅಷ್ಟೆ.

ಈಗ ಬಳಸುವ ಕ್ರಮ. ಕೈ ತೊಳೆದು, ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ಸೀಟಿ ಮೂಗು ಚೊಕ್ಕ ಮಾಡಿಕೊಳ್ಳಿ. ಹೊಸ ಬಾಟಲಿಯಾದರೆ ಗಾಳಿಯಲ್ಲಿ ಎರಡು ಮೂರು ಸಲ ಒತ್ತಿ, ಸಣ್ಣ ತುಂತುರು ಬರುವವರೆಗೆ.

ತಲೆಯನ್ನು ಹಿಂದಕ್ಕೆ ಚೆಲ್ಲಬೇಡಿ. ಬಹಳ ಜನ ಮಾಡುವ ತಪ್ಪು ಇದೇ. ಹಾಗೆ ಮಾಡಿದರೆ ನೀರು ನೇರ ಗಂಟಲಿಗೆ ಇಳಿಯುತ್ತದೆ. ತುಸು ಮುಂದಕ್ಕೆ ಬಾಗಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಹಿಡಿದರೆ ಸ್ಪ್ರೇಯ ತುದಿ ತಾನಾಗಿ ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ತಿರುಗುತ್ತದೆ. ಮೂಗಿನ ನಡುಗೋಡೆಗೆ ತಾಗಬಾರದು, ಅಲ್ಲಿನ ಚರ್ಮ ಬಲು ನಾಜೂಕು, ರಕ್ತ ಬರಬಹುದು.

ಒಂದೆರಡು ಸಲ ಒತ್ತುತ್ತಾ ಮೆಲ್ಲಗೆ ಉಸಿರು ಎಳೆಯಿರಿ. ಜೋರಾಗಿ ಎಳೆಯುವುದು ಬೇಡ. ಸ್ವಲ್ಪ ನೀರು ಹೊರಗೆ ಸುರಿದರೆ ಒರೆಸಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ಮೆಲ್ಲಗೆ ಸಿಂಬಳ ಸೀಟಿ. ದಿನಕ್ಕೆ ಮೂರ್ನಾಲ್ಕು ಸಲ ಮಾಡಬಹುದು, ಮಲಗುವ ಮುಂಚೆ ತಪ್ಪಿಸಬೇಡಿ. ಡಾಕ್ಟರು ಅಲರ್ಜಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟಿದ್ದರೆ ಮೊದಲು ಉಪ್ಪುನೀರು, ಹತ್ತು ನಿಮಿಷ ಕಳೆದು ಆ ಮದ್ದು. ತುದಿ ಒರೆಸಿ ಮುಚ್ಚಳ ಹಾಕಿ. ಒಬ್ಬರ ಬಾಟಲಿ ಒಬ್ಬರಿಗೇ.

ಖಾಲಿ ಬಾಟಲಿಗೆ ಮನೆಯಲ್ಲೇ ಉಪ್ಪುನೀರು ತುಂಬಬಹುದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಬಾಟಲಿಯೊಳಗೆ ರೋಗಾಣು ಬೆಳೆಯಬಹುದು. ಬಾವಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಸಿಯಾಗಿ ಮೂಗಿಗೆ ಬಿಡಬಾರದು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮಿದುಳು ತಿನ್ನುವ ಅಮೀಬಾದಿಂದ ಜನ ಸತ್ತದ್ದನ್ನು ಓದಿದ್ದೇವೆ. ಅದು ನೀರು ಕುಡಿದರೆ ಬರುವುದಲ್ಲ, ಮೂಗಿನ ದಾರಿಯಲ್ಲಿ ಒಳಗೆ ಹೋಗುವುದು. ನೇತಿ (ಮೂಗಿಗೆ ಉಪ್ಪುನೀರು ಹಾಯಿಸಿ ತೊಳೆಯುವ ಯೋಗದ ಕ್ರಮ) ಮಾಡುವವರು ಚೆನ್ನಾಗಿ ಕುದಿಸಿ ಆರಿಸಿದ ನೀರನ್ನೇ ಬಳಸಿ. ಲೀಟರಿಗೆ 9 ಗ್ರಾಂ ಉಪ್ಪು ಸಾಕು. ಪಣಂಬೂರಿನ ಕಡಲ ನೀರೂ ಆಗದು, ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ನಾಲ್ಕು ಪಟ್ಟು, ಕೊಳೆ ಬೇರೆ.

ಹಸುಗೂಸಿಗೆ ಸ್ಪ್ರೇ ಬದಲು ಸಲೈನ್ ಡ್ರಾಪ್ಸ್ ಒಳ್ಳೆಯದು. ಹಾಲು ಕೊಡುವ ಮುಂಚೆ, ಅಂಗಾತ ಮಲಗಿಸಿ, ಹೊಳ್ಳೆಗೆ ಒಂದೆರಡು ಹನಿ. ಮೂಗು ಕಟ್ಟಿದ ಮಗು ಹಾಲು ಬಿಟ್ಟು ಬಿಟ್ಟು ಅಳುವುದು ಉಸಿರಾಡಲು ಆಗದೆ.

ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಜೋರು ಜ್ವರ ಬಂದರೆ, ಕಣ್ಣಿನ ಸುತ್ತ ಊದಿದರೆ ಡಾಕ್ಟರಿಗೆ ತೋರಿಸಿ. ಚಿಕ್ಕ ಮಕ್ಕಳ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಸ್ಪ್ರೇ ಬಿಡುತ್ತಾ ಕೂರಬೇಡಿ. ಮಣಿಯೋ ಕಡಲೆಯೋ ಸಿಕ್ಕಿಕೊಂಡಿರಬಹುದು. ಅದನ್ನು ಕಿವಿ-ಮೂಗು-ಗಂಟಲಿನ ಡಾಕ್ಟರೇ ತೆಗೆಯಬೇಕು.